ತುಂಬು ಹೊಟ್ಟೆ

ನಮ್ಮಲ್ಲಿ ಕುದುರೆಗೆ ಹೆಸರಿಡುವುದಿಲ್ಲ.
ಬಣ್ಣವೇ ಹೆಸರು. ನನ್ನದು
ಒದ್ದೆ ಬೂದಿಯ ಬಣ್ಣದ ಎರಡು ವರ್ಷದ ಮರಿ,
ಎಡಗಿವಿಯ ತುದಿ ಚಳಿಗೆ ಉದುರಿಹೋದದ್ದು.
ನನಗೆ ಒಂಬತ್ತು.
ಅಪ್ಪ ಹಿಟ್ಟಿನ ತಕ್ಕಡಿಯಲ್ಲಿ ಕೂರಿಸಿ ನೋಡಿದಂತೆ
ತೂಕ ಇಪ್ಪತ್ತೆರಡು ಕಿಲೋ, ಬೂಟು ಬಿಟ್ಟು.

ಆ ಚಳಿಗಾಲವೆಲ್ಲ ಕನಸು ಒಂದೇ:
ರಾಜಧಾನಿಯ ಬಯಲಿನಲ್ಲಿ ಮೊದಲು ಬರುವುದು,
ಜನ ಮುಗಿಬಿದ್ದು ಕುದುರೆಯ ಬೆವರನ್ನು
ಬೆರಳಲ್ಲಿ ತೆಗೆದು ಹಣೆಗೆ ಒತ್ತಿಕೊಳ್ಳುವುದು,
ಅದರಲ್ಲಿ ನನ್ನ ಕಾಲಿನ ಬೆವರೂ ಬೆರೆತದ್ದು
ಯಾರಿಗೂ ತಿಳಿಯದಿರುವುದು.
ಅಷ್ಟೇ. ಪದಕ ಗಿದಕ ಬೇಕಿರಲಿಲ್ಲ.
ಸುಳ್ಳು. ಪದಕವೂ ಬೇಕಿತ್ತು.

ಹನ್ನೆರಡು ಕಿಲೋಮೀಟರು.
ಆರರವರೆಗೆ ಮುಂದಿನ ಹತ್ತರಲ್ಲಿದ್ದೆ.
ಆಮೇಲೆ ಧೂಳು, ಧೂಳಿನೊಳಗೊಂದು ಬಿಲ.
ಮರಿ ಮುಗ್ಗರಿಸಿತು, ಬೀಳಲಿಲ್ಲ;
ನಾನೂ ಬೀಳಲಿಲ್ಲ. ಬಿದ್ದಿದ್ದರೆ
ಹೇಳಿಕೊಳ್ಳಲು ಒಂದು ಕಥೆಯಾದರೂ ಇರುತ್ತಿತ್ತು.
ಸುಮ್ಮನೆ ನಿಧಾನವಾದೆವು.
ಒಬ್ಬೊಬ್ಬರೇ ದಾಟಿಹೋದರು.
ಕೊನೆಗೆ ಆರು ವರ್ಷದವನೊಬ್ಬ,
ಮೂಗಿನಿಂದ ನೆತ್ತರು ಸುರಿಸಿಕೊಂಡು,
ಅವನೂ ದಾಟಿದ.

ಕಡೆಗೆ ಬಂದ ಮರಿಗೆ ನಮ್ಮಲ್ಲೊಂದು ಬಿರುದಿದೆ: ತುಂಬು ಹೊಟ್ಟೆ.
ಅದನ್ನು ಕರೆತಂದು ನಿಲ್ಲಿಸಿ
ಒಬ್ಬ ಮುದುಕ ರಾಗವೆಳೆದು ಹೊಗಳುತ್ತಾನೆ:
ತಪ್ಪು ಇದರದಲ್ಲ, ದಾರಿಯದು, ಚಾವಟಿಯದು,
ಸವಾರನದು, ಬರುವ ವರ್ಷ ನೋಡಿ, ಎಂದು.
ನೆತ್ತಿಗೆ ಹುಳಿಬಂದ ಕುದುರೆಹಾಲು ಎರೆಯುತ್ತಾರೆ.
ಅಂದು ಅದು ನನ್ನ ತೊಡೆಗೂ ಚೆಲ್ಲಿತು.
ನನಗೆ ಕೇಳಿದ್ದು ಒಂದೇ ಪದ: ಸವಾರನದು.

ಬರುವ ವರ್ಷ ಬರಲಿಲ್ಲ. ಅಂದರೆ, ಬಂತು;
ನನ್ನ ಕಾಲು ಉದ್ದವಾಗಿದ್ದವು.
ತಕ್ಕಡಿಯ ಮುಳ್ಳು ನೋಡಿ ಅಪ್ಪ ಮಾತಾಡಲಿಲ್ಲ,
ತಮ್ಮನ ಬೂಟಿಗೆ ಎಣ್ಣೆ ಹಚ್ಚತೊಡಗಿದ.

ಈಗ ನಲವತ್ತಮೂರು. ಉಲಾನ್‌ಬಾತರಿನಲ್ಲಿ
ಟ್ರಾಲಿ ಬಸ್ಸು ಓಡಿಸುತ್ತೇನೆ.
ಎರಡು ಕಂಬದ ನಡುವಿನ ಹಗ್ಗಕ್ಕೆ ಕಟ್ಟಿದ ಕುದುರೆಯಂತೆ
ತಂತಿಗೆ ಕಟ್ಟಿದ ಬಂಡಿ, ಯಾರನ್ನೂ ಹಿಂದೆ ಹಾಕಲಾರದು.
ಚಳಿಗಾಲದ ಹೊಗೆಯಲ್ಲಿ ಕೋಲು ತಂತಿಯಿಂದ ಜಾರಿದರೆ
ಇಳಿದು, ಹಗ್ಗ ಹಿಡಿದೆಳೆದು, ಮತ್ತೆ ಕೂಡಿಸುತ್ತೇನೆ.
ಹಗ್ಗ ಹಿಡಿಯುವುದನ್ನು ಕೈ ಮರೆತಿಲ್ಲ.
ಬಹಳ ವರ್ಷ, ಜುಲೈ ಬಂದರೆ,
ಹೆಚ್ಚಿನ ಪಾಳಿ ಕೇಳಿ ಪಡೆಯುತ್ತಿದ್ದೆ.
ರೇಡಿಯೋ ಆರಿಸುತ್ತಿದ್ದೆ.

ಈ ಸಲ ತಮ್ಮ ಬದ್ರಾಲ್ ಬಿಡಲಿಲ್ಲ. ಅವನ ಮಗಳು ಓಡಿದಳು,
ಎಂಬತ್ತರಲ್ಲಿ ಮೂವತ್ತೊಂದನೆಯವಳು.
ಪದಕಕ್ಕೂ ಸಿಗದ, ಹಾಡಿಗೂ ಸಿಗದ ಜಾಗ.
ಇಳಿದವಳೇ ಐಸ್‌ಕ್ರೀಮಿನತ್ತ ಓಟ ಕಿತ್ತಳು.

ನಾನು ಗೆರೆಯ ಬಳಿಯೇ ಉಳಿದೆ.
ಗೆದ್ದವರ ಸುತ್ತಲಿನ ಗದ್ದಲ ತಗ್ಗಿದ ಮೇಲೆ
ದೂರದ ದಿಣ್ಣೆಯಿಂದ ಕಡೆಯದೊಂದು ಚುಕ್ಕೆ ಇಳಿಯಿತು.
ಇಲ್ಲಿ ನಿಂತು ನೋಡಿದ್ದು ಇದೇ ಮೊದಲು.
ಕಡೆಯವರು ಎಷ್ಟು ಹೊತ್ತು ಕಾಣುತ್ತಾರೆ!
ಮೊದಲಿನವರು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದುಬಿಡುತ್ತಾರೆ.
ಇವರನ್ನು ಬಯಲು ಬಿಡಿಬಿಡಿಯಾಗಿ ತೋರಿಸುತ್ತದೆ:
ಕಿವಿ, ಕಾಲು, ಜೀನಿಲ್ಲದ ಬೆನ್ನು, ಅದರ ಮೇಲೆ
ಮೊಣಕೈ ಅಗಲಿಸಿ ಕೂತ ಒಂದು ಹಟ.
ಮರಿ ಕಿವಿ ನೆಟ್ಟಗಿಟ್ಟು ಬಂತು.
ತಾನು ಕಡೆಯದೆಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ನನ್ನ ಬೂದಿಯದೂ ಹೀಗೇ ಬಂದಿತ್ತೋ ಏನೋ.
ಅರ್ಧ ತುಂಡಾದ ಆ ಕಿವಿ
ದಾರಿಯುದ್ದಕ್ಕೂ ನನ್ನ ಕಣ್ಣೆದುರೇ ಇತ್ತು.
ನಾನು ನೋಡುತ್ತಿದ್ದುದು ಮುಂದಿನವರ ಧೂಳನ್ನು.

ಮುದುಕನ ಕೊರಳು ಒಡೆದಿತ್ತು, ಮೈಕು ಕಿರುಚಿತು.
ಹುಡುಗ ಅಳುತ್ತಿದ್ದ. ಏನಾದರೂ ಹೇಳಬೇಕೆನಿಸಿತು,
ಹೇಳಲಿಲ್ಲ. ಒಂಬತ್ತರಲ್ಲಿ ನನಗೆ ಯಾರಾದರೂ ಹೇಳಿದ್ದರೆ
ಕಚ್ಚಿಬಿಡುತ್ತಿದ್ದೆ.

ಬೆವರು ಬಳಿಯುವ ಮರದ ಪಟ್ಟಿಯನ್ನು
ಬದ್ರಾಲ್‌ನಿಂದ ಇಸಿದುಕೊಂಡೆ, ಅಪ್ಪನದು, ಹಿಡಿ ಸವೆದದ್ದು.
ಮರಿಯ ಕುತ್ತಿಗೆಯಿಂದ ಹೆಗಲಿಗೆ, ಹೆಗಲಿಂದ ಹೊಟ್ಟೆಗೆ ಎಳೆದೆ.
ನೊರೆ, ಧೂಳು, ಒಂದು ಹುಲ್ಲಿನ ಎಸಳು.
ಬೆರಳಲ್ಲಿ ತೆಗೆದು, ಯಾರೂ ನೋಡುತ್ತಿಲ್ಲವೆಂದು ನೋಡಿ,
ಹಣೆಗಲ್ಲ, ನಾಲಿಗೆಗೆ.

ಉಪ್ಪು. ಚೂರು ಹುಳಿ ಕೂಡ;
ಯಾರೋ ಆಗಲೇ ಹಾಲೆರೆದಿದ್ದರು.